ಮೊಣಗಂಟಿಗೆ ಸ್ಟೆಮ್ ಸೆಲ್: ಸಿರಿಂಜಲ್ಲಿ ಏನುಂಟು ಅಂತ ಮೊದ್ಲು ಕೇಳಿ

ಪ್ರಶ್ನೆ: ಡಾಕ್ಟ್ರೇ, ನಂಗೆ 59. ಡೊಂಬಿವಲಿಯಲ್ಲಿ ಸಣ್ಣ ಹೋಟ್ಲು, ಮೂವತ್ತು ವರ್ಷದಿಂದ ಗಲ್ಲಾದಲ್ಲಿ ನಿಂತೇ ಇದ್ದೇನೆ. ಎರಡೂ ಮೊಣಗಂಟು ನೋವು, ಬಲದ್ದು ಜಾಸ್ತಿ. ಸ್ಟೇಷನ್ ಬ್ರಿಡ್ಜ್ ಹತ್ತೋದು ಹೇಗೋ ಆಗ್ತದೆ, ಇಳಿಯೋವಾಗ ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಲು, ಹಿಂದಿನವ್ರು ಬೈತಾರೆ. ಎಕ್ಸ್‌ರೇಯಲ್ಲಿ ಸವೆತ ನಾಲ್ಕರಲ್ಲಿ ಗ್ರೇಡ್ 3 ಅಂತ ಬಂದಿದೆ. ಶುಗರ್ ಉಂಟು. ಒಂದು ಕ್ಲಿನಿಕ್‌ನವ್ರು ನಿಮ್ಮ ಸೊಂಟದಿಂದ್ಲೇ ಸ್ಟೆಮ್ ಸೆಲ್ ತೆಗ್ದು ಗಂಟಿಗೆ ಹಾಕ್ತೇವೆ, ಎಲುಬಿನ ನಡುವಿನ ಗಾದಿ ಹೊಸ್ತು ಬೆಳೀತದೆ, ಆಪರೇಷನ್ ಬೇಡ್ವೇ ಬೇಡ, ಎರಡು ಕಾಲಿಗೆ ಮೂರೂವರೆ ಲಕ್ಷ, ಈ ತಿಂಗ್ಳೊಳಗೆ ಆದ್ರೆ ಡಿಸ್ಕೌಂಟ್ ಅಂದ್ರು. ಹೆಂಡ್ತಿ ಹಾಕ್ಸಿ ಅಂತಾಳೆ, ಮಗ ಬೇಡ ಅಂತಾನೆ.
(ಹೆಸ್ರು ಹಾಕ್ಬೇಡಿ)

ಉತ್ತರ: ಮಾರಾಯ್ರೆ, ಗಣಪತಿ ಹಬ್ಬಕ್ಕೆ ಸೀರೆಗೆ ಡಿಸ್ಕೌಂಟ್ ಕೇಳಿದ್ದೆ, ಸೂಜಿಗೆ ಕೇಳಿದ್ದು ಇದೇ ಫಸ್ಟು. ಮಗನ ಮಾತು ಕೇಳಿ, ಸದ್ಯಕ್ಕೆ.

ಸ್ಟೆಮ್ ಸೆಲ್ ಅಂದ್ರೆ ಬೇರೆ ಥರದ ಸೆಲ್ ಆಗಬಲ್ಲ ಮೂಲ ಸೆಲ್. ಅವ್ರು ಮಾಡೋದು ಏನಂದ್ರೆ, ಸೊಂಟದ ಹಿಂದಿನ ಎಲುಬಿಗೆ ದಪ್ಪ ಸೂಜಿ ಹಾಕಿ ಮ್ಯಾರೋ, ಅಂದ್ರೆ ಎಲುಬಿನೊಳಗಿನ ಮಜ್ಜೆ, ಎಳೀತಾರೆ, ನೋಡ್ಲಿಕ್ಕೆ ರಕ್ತದ ಹಾಗೇ ಇರ್ತದೆ, ಅದನ್ನ ಮೆಷಿನಲ್ಲಿ ತಿರುಗ್ಸಿ ಮಧ್ಯದ ತೆಳು ಪದರ ಎತ್ಕೊಂಡು ಗಂಟಿಗೆ ಕೊಡ್ತಾರೆ, ಅಷ್ಟೇ. ಅದ್ರಲ್ಲಿ ಹತ್ತು ಸಾವಿರ ಸೆಲ್ಲಿಗೆ ಹೆಚ್ಚಂದ್ರೆ ಒಂದು ಸ್ಟೆಮ್ ಸೆಲ್. ಇನ್ನು ಕೆಲವು ಕಡೆ ಕೈಯಿಂದ ರಕ್ತ ತೆಗ್ದು ಪ್ಲೇಟ್‌ಲೆಟ್ ಕೊಟ್ಟು, ಅಂದ್ರೆ ಪಿಆರ್‌ಪಿ ಕೊಟ್ಟು, ಬಿಲ್ಲಲ್ಲಿ ಸ್ಟೆಮ್ ಸೆಲ್ ಅಂತ ಬರೀತಾರೆ. ಪಿಆರ್‌ಪಿ ಬೇರೆ ವಸ್ತು, ರೇಟೂ ಬೇರೆ.

ಗಾದಿ ಬೆಳೀತದೆ ಅನ್ನೋದು ಇದೆಯಲ್ಲ, ಅಲ್ಲೇ ನಂಗೆ ಕೋಪ ಬರೋದು. ಈ ಸೆಲ್ಲಿಗೆ 1991ರಲ್ಲಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಅಂತ ಹೆಸರಿಟ್ಟ ಅಮೆರಿಕದ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವ್ರೇ 2017ರಲ್ಲಿ ಆ ಹೆಸ್ರು ಬದಲಾಯ್ಸಿ ಅಂದ್ರು, ಯಾಕಂದ್ರೆ ಅವು ಮೈಯೊಳಗೆ ಹೋಗಿ ತಾವೇ ಹೊಸ ಗಾದಿ ಆಗೋದಿಲ್ಲ, ಉರಿ ಕಮ್ಮಿ ಮಾಡೋ ಸಿಗ್ನಲ್ ಬಿಡ್ತವೆ. ಹಾಗಾಗಿ ನೋವು ಇಳಿಯೋದು ಸುಳ್ಳಲ್ಲ. ಆದ್ರೆ ಅಮೆರಿಕದಲ್ಲಿ 475 ಜನರ ಮೇಲೆ ಮ್ಯಾರೋ, ಕೊಬ್ಬು, ಹೊಕ್ಕುಳಬಳ್ಳಿ ಈ ಮೂರೂ ಥರದ ಸೆಲ್ಲನ್ನ ಮಾಮೂಲಿ ಸ್ಟಿರಾಯ್ಡ್ ಇಂಜೆಕ್ಷನ್ ಜೊತೆ ಇಟ್ಟು ನೋಡಿ 2023ರಲ್ಲಿ ರಿಸಲ್ಟ್ ಹಾಕಿದ್ರು, ವರ್ಷದ ನಂತ್ರ ಯಾವ್ದೂ ಸ್ಟಿರಾಯ್ಡಿಗಿಂತ ಮೇಲಾಗಿರ್ಲಿಲ್ಲ. ಲಕ್ಷದ ಸೂಜಿ, ಸಾವಿರದ ಸೂಜಿ, ಎರಡೂ ಒಂದೇ ಕಡೆ ಬಂದು ನಿಂತ್ವು.

ಹಾಗಂತ ಎಲ್ಲಾ ಬೋಗಸ್ ಅಂತಲ್ಲ. ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲೇ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಶುರು ಮಾಡಿದ್ರು, ಅದು ಅಸಲಿ ಸ್ಟೆಮ್ ಸೆಲ್ ಚಿಕಿತ್ಸೆ. ಗಂಟಿಗೂ ಒಂದುಂಟು: ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್‌ನವ್ರು ದಾನಿಗಳ ಮ್ಯಾರೋ ಸೆಲ್ ಲ್ಯಾಬಲ್ಲಿ ಬೆಳೆಸಿ ಮಾಡಿದ ಔಷಧಿಗೆ 2022ರಲ್ಲಿ ಡ್ರಗ್ ಕಂಟ್ರೋಲರ್ ಪರ್ಮಿಷನ್ ಕೊಟ್ಟಿದ್ದಾರೆ, ಗ್ರೇಡ್ 2 ಮತ್ತು 3ಕ್ಕೆ. ಒಂದು ಡೋಸಲ್ಲಿ ಎರಡೂವರೆ ಕೋಟಿ ಸೆಲ್. ನಿಮ್ಮ ಗ್ರೇಡ್ ಅದ್ರ ಲೆಕ್ಕಕ್ಕೆ ಬರ್ತದೆ, ನೋವು ಕಮ್ಮಿ ಆಗೋ ಆಸೆ ಇಡಬಹುದು, ಹೊಸ ಗಂಟಿನ ಆಸೆ ಬೇಡ. ಗ್ರೇಡ್ 4, ಎಲುಬಿಗೆ ಎಲುಬು ತಾಗಿದವ್ರಿಗೆ ನಾನಂತೂ ಇದನ್ನ ಹೇಳೋದಿಲ್ಲ, ಅಲ್ಲಿ ರಿಪ್ಲೇಸ್‌ಮೆಂಟೇ ಸರಿ.

ಇಂಥ ಪರ್ಮಿಷನ್ ಇಲ್ಲದ್ದನ್ನ, ರಕ್ತದ ಕಾಯಿಲೆಗಳ ಟ್ರಾನ್ಸ್‌ಪ್ಲಾಂಟ್ ಬಿಟ್ರೆ, ಟ್ರಯಲ್‌ನಲ್ಲಿ, ಅಂದ್ರೆ ಪ್ರಯೋಗದಲ್ಲಿ ಮಾತ್ರ ಕೊಡ್ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನಿಯಮ ಹೇಳ್ತದೆ. ಟ್ರಯಲ್ ಅಂದ್ಮೇಲೆ ಪೇಷಂಟ್ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ. ಆದ್ರಿಂದ ಆ ಕ್ಲಿನಿಕ್‌ನವ್ರಿಗೆ ಒಂದೇ ಮಾತು ಕೇಳಿ: ಇದು ಪರ್ಮಿಷನ್ ಇರೋ ಔಷಧಿಯಾ, ಹಾಗಾದ್ರೆ ಡಬ್ಬಿ ತೋರ್ಸಿ, ಟ್ರಯಲ್ ಆದ್ರೆ ಸಿಟಿಆರ್‌ಐ, ಅಂದ್ರೆ ಟ್ರಯಲ್‌ಗಳ ಸರ್ಕಾರಿ ರಿಜಿಸ್ಟರ್ ನಂಬರ್ ಕೊಡಿ. ಎರಡೂ ಇಲ್ಲ ಅಂದ್ರೆ ಚಾ ಕುಡ್ದು ಎದ್ದು ಬನ್ನಿ.

ರಿಸ್ಕ್‌ನಲ್ಲಿ ದೊಡ್ದು ಇನ್ಫೆಕ್ಷನ್. ಶುಗರ್ ಇರೋವ್ರಿಗೆ ಗಂಟೊಳಗೆ ಕೀವಾದ್ರೆ ಮೂರೂವರೆ ಲಕ್ಷದ ಜೊತೆ ಇನ್ನೊಂದು ಆಪರೇಷನ್. ಅಮೆರಿಕದಲ್ಲಿ 2018ರಲ್ಲಿ ಹೊಕ್ಕುಳಬಳ್ಳಿ ರಕ್ತದ ಇಂಜೆಕ್ಷನ್‌ನಲ್ಲಿ ಬ್ಯಾಕ್ಟೀರಿಯಾ ಸೇರಿ 12 ಜನ ಆಸ್ಪತ್ರೆ ಸೇರಿದ್ರು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ, ಕ್ಯಾನ್ಸರ್ ಆಗಿ ಹೋಗಿದ್ರೆ, ಮೊದ್ಲೇ ಹೇಳ್ಬೇಕು. ಸ್ಟಿರಾಯ್ಡ್ ಹಾಕ್ಸಿದ್ರೂ ಕೆಲವು ದಿನ ಶುಗರ್ ಏರ್ತದೆ, ನೋಡ್ಕೊಳ್ಳಿ.

ಈಗ ಮಾಡೋದು ಇಷ್ಟು. ಎಕ್ಸ್‌ರೇ ಮಲಗಿಸಿ ತೆಗ್ದಿದ್ರೆ ನಿಂತು ಇನ್ನೊಮ್ಮೆ ತೆಗ್ಸಿ, ಮಲಗಿದಾಗ ಗ್ಯಾಪ್ ಚೆನ್ನಾಗೇ ಕಾಣ್ತದೆ. ಗಲ್ಲಾದಲ್ಲಿ ಎತ್ತರದ ಸ್ಟೂಲ್ ಹಾಕ್ಕೊಳ್ಳಿ. ಟವೆಲ್ ಸುತ್ತಿ ಗಂಟಿನ ಅಡಿ ಇಟ್ಟು ಹತ್ತೆಣಿಸೋವರೆಗೆ ಒತ್ತಿ ಹಿಡೀರಿ, ಬೆಳಿಗ್ಗೆ ಸಂಜೆ. ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೆ ಗಂಟಿನ ಮೇಲೆ ನಾಲ್ಕು ಕೆಜಿ ಭಾರ ಕಮ್ಮಿ. ರಾತ್ರಿ ಹೋಟ್ಲು ಮುಚ್ಚಿದ್ಮೇಲೆ ಉಳಿದ ಗೋಳಿಬಜೆ ನಿಮ್ಮ ಲೆಕ್ಕಕ್ಕೆ ಬರ್ತದೆ ಅಂತ ನಂಗೆ ಡೌಟು.

ಪ್ರಶ್ನೆ: ಮಗಳು ಆರು ತಿಂಗ್ಳ ಬಸುರಿ, ಪುಣೆಯಲ್ಲಿದ್ದಾಳೆ. ಮಗುವಿನ ಹೊಕ್ಕುಳಬಳ್ಳಿ ರಕ್ತ ಬ್ಯಾಂಕಲ್ಲಿ ಇಟ್ಟುಬಿಡಿ, ಅದ್ರಲ್ಲಿ ಸ್ಟೆಮ್ ಸೆಲ್ ಉಂಟು, ಮುಂದೆ ಏನೇ ಕಾಯಿಲೆ ಬಂದ್ರೂ ಆಗ್ತದೆ ಅಂತ ಏಜೆಂಟು ದಿನಾ ಫೋನ್ ಮಾಡ್ತಾನೆ.
(ಒಬ್ಬ ಅಮ್ಮ, ಮುಲುಂಡ್)

ಉತ್ತರ: ಬೇಡಮ್ಮಾ. ಮಗುವಿಗೆ ಥಲಸ್ಸೀಮಿಯ, ಅಂದ್ರೆ ಅಪ್ಪ ಅಮ್ಮನಿಂದ ಬರೋ ರಕ್ತದ ಕಾಯಿಲೆ, ಇದ್ರೆ ಆ ರಕ್ತದಲ್ಲೂ ಅದೇ ದೋಷ ಇರ್ತದೆ, ಅದನ್ನೇ ವಾಪಸ್ ಕೊಟ್ಟು ಏನು ಉಪಯೋಗ? ಮನೆಯಲ್ಲಿ ಇನ್ನೊಂದು ಮಗುವಿಗೆ ಟ್ರಾನ್ಸ್‌ಪ್ಲಾಂಟ್ ಬೇಕಾಗಿದ್ರೆ ಮಾತ್ರ ಮಾತು ಬೇರೆ. ಏಜೆಂಟ್‌ನ ನಂಬರ್ ಬ್ಲಾಕ್ ಮಾಡಿ, ಥಲಸ್ಸೀಮಿಯ ಟೆಸ್ಟ್ ಮಾಡ್ಸಿದ್ದೀಯಾ ಅಂತ ಮಗಳನ್ನ ಇವತ್ತೇ ಕೇಳಿ. ಅವಳ ರಿಪೋರ್ಟಲ್ಲಿ ಏನಾದ್ರೂ ಕಂಡ್ರೆ ಅಳಿಯನದ್ದೂ ಮಾಡಿಸ್ಬೇಕು.