ಓದುಗರ ಪ್ರಶ್ನೆ: ಹಾರ್ಡ್ ಡಿಸ್ಕ್ ಡಿಟೆಕ್ಟ್ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ್ದೇನೆ. ಎರಡು ಎಂ.2 ಎಸ್‌ಎಸ್‌ಡಿಗಳೂ (ಮದರ್‌ಬೋರ್ಡಿಗೇ ಕೂರುವ ಚಪ್ಪಟೆ ಸ್ಟೋರೇಜ್) ಚೆನ್ನಾಗಿ ನಡೆಯುತ್ತಿವೆ. ಹಳೇ ಕಂಪ್ಯೂಟರಿನಿಂದ ತೆಗೆದ 3.5 ಇಂಚಿನ 1 ಟಿಬಿ ಹಾರ್ಡ್ ಡಿಸ್ಕ್ ಮಾತ್ರ ಬಯಾಸ್‌ನಲ್ಲೂ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಕಾಣುತ್ತಿಲ್ಲ. ಮನೆಯವರ ಫೋಟೊಗಳೆಲ್ಲ ಅದರಲ್ಲೇ ಇವೆ. ಹಾಸನದ ಅಂಗಡಿಗೆ ಒಯ್ಯುವ ಮೊದಲು ನಾನೇ ಏನೇನು ನೋಡಬಹುದು?
— ಓದುಗರು, ಸಕಲೇಶಪುರ

ಉತ್ತರ: ಬಯಾಸ್‌ನಲ್ಲೇ ಇಲ್ಲ ಎಂದಮೇಲೆ ವಿಂಡೋಸ್ ಮತ್ತೆ ಹಾಕಿ ಪ್ರಯೋಜನವಿಲ್ಲ. ದೋಷ ಕರೆಂಟಿನದು, ಕೇಬಲಿನದು, ಪೋರ್ಟಿನದು, ಇಲ್ಲವೇ ಡಿಸ್ಕಿನದೇ.

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಆನ್ ಮಾಡಿ, ಡಿಸ್ಕಿನ ಅಂಚಿಗೆ ಬೆರಳಿಡಿ. ಸಣ್ಣ ನಡುಕ ತಿಳಿಯಬೇಕು. ತಿಳಿಯದಿದ್ದರೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಬರುವ 15 ಪಿನ್ನಿನ ಪವರ್ ಕನೆಕ್ಟರ್ ಬದಲಿಸಿ ನೋಡಿ. ಈ ಅಳತೆಯ ಡಿಸ್ಕಿನ ಮೋಟರ್ ಓಡುವುದು 12 ವೋಲ್ಟಿನಲ್ಲಿ, ಅಂದರೆ ಹಳದಿ ತಂತಿಯಲ್ಲಿ. 2.5 ಇಂಚಿನ ಎಸ್‌ಎಸ್‌ಡಿಗೆ ಕೆಂಪು ತಂತಿಯ 5 ವೋಲ್ಟ್ ಸಾಕು. ಹಾಗಾಗಿ ಅದೇ ವೈರಿನಲ್ಲಿ ಎಸ್‌ಎಸ್‌ಡಿ ಓಡಿತೆಂದು ವೈರು ಸರಿಯಿದೆ ಎನ್ನುವಂತಿಲ್ಲ. ಮಾಡ್ಯುಲರ್ ಎಸ್‌ಎಂಪಿಎಸ್ (ಕೇಬಲ್ ಬಿಚ್ಚಿ ಹಾಕಬಹುದಾದದ್ದು) ಆಗಿದ್ದರೆ ಅದರ ಜೊತೆಗೆ ಬಂದ ಕೇಬಲ್ಲನ್ನೇ ಬಳಸಿ. ಬೇರೆಯದರ ಕೇಬಲ್ಲೂ ಸಲೀಸಾಗಿ ಕೂರುತ್ತದೆ, ಅದೇ ಅಪಾಯ: ಒಳಗಿನ ತಂತಿಗಳ ಕ್ರಮ ಬೇರೆಯಾಗಿದ್ದರೆ 5 ವೋಲ್ಟಿನ ಜಾಗಕ್ಕೆ 12 ಹರಿದು ಡಿಸ್ಕ್ ಸುಟ್ಟುಹೋಗುತ್ತದೆ.

ಡಿಸ್ಕ್ ತಿರುಗುತ್ತಿದ್ದರೆ ನಮ್ಮ ಗುಮಾನಿ ನಿಮ್ಮ ಎರಡನೇ ಎಂ.2 ಸ್ಲಾಟಿನ ಮೇಲೆ. ಕೆಲವು ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದರೆ ಹಾರ್ಡ್ ಡಿಸ್ಕಿನ ಡೇಟಾ ಕೇಬಲ್ ಸಿಕ್ಕಿಸುವ ಸಾಟಾ ಪೋರ್ಟುಗಳಲ್ಲಿ ಒಂದೋ ಎರಡೋ ತಾವಾಗಿ ಬಂದ್ ಆಗುತ್ತವೆ. ಎರಡಕ್ಕೂ ಚಿಪ್‌ಸೆಟ್ಟಿನಿಂದ (ಮದರ್‌ಬೋರ್ಡಿನಲ್ಲಿ ಡೇಟಾ ಸಾಗಿಸುವ ಚಿಪ್) ಬರುವ ದಾರಿ ಒಂದೇ. ಯಾವ ಪೋರ್ಟು ಎಂಬುದನ್ನು ಮದರ್‌ಬೋರ್ಡಿನ ಪುಸ್ತಕದಲ್ಲಿ ಸ್ಟೋರೇಜ್ ವಿವರದಡಿ ಬರೆದಿರುತ್ತಾರೆ, ಯಾರೂ ಓದದಷ್ಟು ಸಣ್ಣ ಅಕ್ಷರದಲ್ಲಿ. ಬೇರೆ ಪೋರ್ಟಿಗೆ ಹಾಕಿ. ಹಾಗೆಯೇ 7 ಪಿನ್ನಿನ ಡೇಟಾ ಕೇಬಲ್ ಹೊಸದು ಹಾಕಿಬಿಡಿ, ಅದು ಹಾಳಾಗಿದ್ದರೂ ನೋಡಿದರೆ ಗೊತ್ತಾಗುವುದಿಲ್ಲ. ಬಯಾಸ್‌ನಲ್ಲಿ ಸಾಟಾ ಕಂಟ್ರೋಲರ್ ಎನೇಬಲ್ ಇರಬೇಕು. ಮೋಡ್ ಎಎಚ್‌ಸಿಐ (ಸಾಟಾ ಡಿಸ್ಕುಗಳ ಮಾಮೂಲಿ ಮೋಡ್) ಇದ್ದರೆ ಒಳ್ಳೆಯದು. ರೇಡ್ (ಹಲವು ಡಿಸ್ಕುಗಳನ್ನು ಒಟ್ಟಾಗಿ ಬಳಸುವ ಮೋಡ್) ಇಟ್ಟುಕೊಂಡೇ ವಿಂಡೋಸ್ ಹಾಕಿದ್ದರೆ ಮಾತ್ರ ದಿಢೀರನೆ ಬದಲಿಸಬೇಡಿ, ವಿಂಡೋಸ್ ಏಳದೆ ಹೋಗಬಹುದು.

ಹಳೇ ಡಿಸ್ಕ್ ನಿಮ್ಮೂರಿನ ಮಳೆಗಾಲಗಳನ್ನು ಕಂಡಿರುತ್ತದೆ. ಕನೆಕ್ಟರಿನ ಪಿನ್ನುಗಳು ಮಂಕಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಿ. ಏನೇ ಕಿತ್ತು ಹಾಕುವುದಿದ್ದರೂ ಮೊದಲು ಗೋಡೆಯ ಪ್ಲಗ್ ತೆಗೆದಿರಿ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಒಳಗಿನ ಹೆಡ್ (ಡೇಟಾ ಓದಿ ಬರೆಯುವ ಭಾಗ) ಕೆಟ್ಟಿರಬಹುದು, ಆನ್ ಮಾಡಿದಷ್ಟೂ ಫೋಟೊ ಉಳಿಯುವ ಆಸೆ ಕಡಿಮೆ. ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ ಎಂಬ ಸಲಹೆ ಕಿವಿಗೆ ಹಾಕಿಕೊಳ್ಳಬೇಡಿ, ತೇವ ಕೂತು ಇದ್ದದ್ದೂ ಹೋಗುತ್ತದೆ. ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಪ್ರಶ್ನೆ: ಹೊಸ 4 ಟಿಬಿ ಹಾರ್ಡ್ ಡಿಸ್ಕ್ ಬಯಾಸ್‌ನಲ್ಲಿದೆ, ವಿಂಡೋಸ್‌ನ ದಿಸ್ ಪಿಸಿಯಲ್ಲಿ ಇಲ್ಲ. ವಾಪಸ್ ಕೊಡಬೇಕೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಬೇಡ. ಹೊಸ ಡಿಸ್ಕ್ ಖಾಲಿ ಹೊಲವಿದ್ದಂತೆ, ಬದು ಹಾಕುವ ತನಕ ವಿಂಡೋಸ್ ಅದಕ್ಕೆ ಡ್ರೈವ್ ಅಕ್ಷರ ಕೊಡುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇನಿಷಿಯಲೈಸ್ (ಡಿಸ್ಕನ್ನು ಬಳಕೆಗೆ ಅಣಿಮಾಡುವುದು) ಕೇಳಿದಾಗ ಜಿಪಿಟಿ ಆರಿಸಿ. ಡಿಸ್ಕಿನ ಭಾಗಗಳ ಲೆಕ್ಕವಿಡುವ ಎರಡು ಪದ್ಧತಿಗಳಲ್ಲಿ ಇದು ಹೊಸದು. ಹಳೆಯದಾದ ಎಂಬಿಆರ್ ಆರಿಸಿದರೆ 2 ಟಿಬಿಯಿಂದಾಚೆಯ ಜಾಗ ಬಳಕೆಗೆ ಸಿಗುವುದಿಲ್ಲ. ಆಮೇಲೆ ಕಪ್ಪು ಪಟ್ಟಿಯ (ಇನ್ನೂ ಹಂಚದ ಜಾಗ) ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ). ಕೊನೆಗೆ 3.63 ಟಿಬಿ ಎಂದು ತೋರಿಸಿದರೆ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ; ಡಿಸ್ಕ್ ತಯಾರಿಸುವವರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ.

ಸಕಲೇಶಪುರದವರು ಮಾತ್ರ ಈ ಉತ್ತರ ಓದಿ ತಮ್ಮ ಹಳೇ ಡಿಸ್ಕಿಗೆ ಇದನ್ನೇ ಮಾಡಬಾರದು. ಅದು ಕಾಣಿಸಿಕೊಂಡು ಇನಿಷಿಯಲೈಸ್ ಅಥವಾ ಫಾರ್ಮ್ಯಾಟ್ ಕೇಳಿದರೆ ಕ್ಯಾನ್ಸಲ್ ಒತ್ತಿ.