ಡ್ರೈಯರ್‌ನಲ್ಲಿ ಬಟ್ಟೆ ಒಣಗುತ್ತಿಲ್ಲ, ಅಪಾಯವೇ?

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕದ ನ್ಯೂಜೆರ್ಸಿಗೆ ಬಂದಿದ್ದೇನೆ. ಇಲ್ಲಿ ಬಟ್ಟೆಯೆಲ್ಲ ಗ್ಯಾಸ್ ಡ್ರೈಯರ್‌ನಲ್ಲೇ ಒಣಗಬೇಕು. ಈಗೀಗ ಒಂದು ಸಲಕ್ಕೆ ಒಣಗುವುದಿಲ್ಲ, ಎರಡು ಸಲ ಹಾಕುತ್ತೇವೆ. ಮಿಷಿನ್ ಮುಟ್ಟಿದರೆ ತುಂಬಾ ಬಿಸಿ. ಫಿಲ್ಟರ್ ಮಾತ್ರ ಮಗಳು ತಪ್ಪದೆ ಕ್ಲೀನ್ ಮಾಡುತ್ತಾಳೆ. ಮಗುವಿಗೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಗಳನ್ನೂ ತೊಳೆದು ಅದಕ್ಕೇ ಹಾಕುತ್ತೇವೆ. ಬೆಂಕಿ ಹತ್ತಬಹುದು ಎಂದು ಯಾರೋ ಹೇಳಿದರು. ನಿಜವೇ?
– ಹಾಸನದ ಓದುಗರು

ಉತ್ತರ: ನಿಜ. ಆ ಡ್ರೈಯರನ್ನು ಸದ್ಯಕ್ಕೆ ಹಾಕಲೇಬೇಡಿ. ನ್ಯೂಜೆರ್ಸಿಯದೇ ಎಡಿಸನ್ ಊರಿನ ಸುತ್ತಮುತ್ತ ಇಂಥ ಮಿಷಿನ್‌ಗಳನ್ನೇ ರಿಪೇರಿ ಮಾಡಿಕೊಂಡಿದ್ದವನು ನಾನು. ಬಟ್ಟೆ ಒಣಗುತ್ತಿಲ್ಲ ಎಂದು ಯಾರು ಕರೆದರೂ ಮೊದಲು ಹಿಂದಿನ ಕೊಳವೆ ನೋಡುತ್ತಿದ್ದೆ.

ಬಟ್ಟೆಯಿಂದ ಉದುರುವ ಎಲ್ಲ ಜುಂಗನ್ನೂ ಫಿಲ್ಟರ್ ಹಿಡಿಯುವುದಿಲ್ಲ. ತಪ್ಪಿಸಿಕೊಂಡದ್ದು ಗಾಳಿ ಹೊರಹೋಗುವ 4 ಇಂಚಿನ ಕೊಳವೆಯಲ್ಲಿ, ಮಿಷಿನ್ ಒಳಗೆ ಕೂರುತ್ತದೆ. ದೀಪದ ಬತ್ತಿಗೆ ಹಿಂಜಿಟ್ಟ ಹತ್ತಿಯಂತೆ ಅದು, ಕಿಡಿ ಸಾಕು. ದಾರಿ ಕಟ್ಟಿದರೆ ಬಿಸಿಯೂ ಒದ್ದೆ ಗಾಳಿಯೂ ಒಳಗೇ ಉಳಿಯುತ್ತವೆ. ಬಟ್ಟೆ ಒಣಗದಿರುವುದು, ಮಿಷಿನ್ ಕಾಯುವುದು ಅದಕ್ಕೇ. ಅಮೆರಿಕ ಸರ್ಕಾರದ ಅಗ್ನಿಶಾಮಕ ಆಡಳಿತದ ಲೆಕ್ಕದಂತೆ, 2008ರಿಂದ 2010ರವರೆಗೆ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಹತ್ತಿತ್ತು. ಕ್ಲೀನ್ ಮಾಡದಿದ್ದದ್ದೇ ಮುಖ್ಯ ಕಾರಣ. ನಿಮ್ಮದು ಗ್ಯಾಸಿನದು ಬೇರೆ. ಕೊಳವೆ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ಸೇರಬಹುದು. ಹಸುಗೂಸಿರುವ ಮನೆ ಅಲ್ವಾ, ನನಗೆ ಇದರದ್ದೇ ಜಾಸ್ತಿ ಆತಂಕ. ಆ ಅನಿಲದ ಅಲಾರಂ ಮನೆಯಲ್ಲಿದೆಯೇ, ಕೆಲಸ ಮಾಡುತ್ತಿದೆಯೇ ನೋಡಿ.

ಗ್ಯಾಸ್ ಪೈಪ್ ಇರುವ ಮಿಷಿನ್ನನ್ನು ನೀವೇ ಎಳೆದಾಡಬೇಡಿ. ಮೆಕ್ಯಾನಿಕ್ ಕರೆಸಿ, ಕೊಳವೆಯನ್ನೂ ಒಳಭಾಗವನ್ನೂ ಕ್ಲೀನ್ ಮಾಡಿಸಿ. ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ಕೊಳವೆ ಪ್ಲಾಸ್ಟಿಕ್‌ನದೋ ತೆಳು ಫಾಯಿಲ್‌ನದೋ ಆಗಿದ್ದರೆ ಗಟ್ಟಿ ಲೋಹದ್ದು ಹಾಕಿಸಿ. ಮಡಿಕೆ ಮಡಿಕೆಯಾಗಿರುವ ಕೊಳವೆಯಲ್ಲಿ ಜುಂಗು ಬೇಗ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮಿಷಿನ್ ಓಡುವಾಗ ಹೊರಗೆ ಹೋಗಿ ನೋಡಿ. ಗೋಡೆಯಲ್ಲಿರುವ ಮುಚ್ಚಳ ಗಾಳಿಗೆ ಎದ್ದು ನಿಂತಿರಬೇಕು.

ಎಣ್ಣೆ ಬಟ್ಟೆಗಳನ್ನಂತೂ ಡ್ರೈಯರ್‌ಗೆ ಹಾಕಲೇಬಾರದು. ತೊಳೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಬಿಸಿ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಉಳಿದ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನಾಗಿಯೇ ಕಾಯುತ್ತಾ ಹೋಗುತ್ತದೆ. ಮಿಷಿನ್ ನಿಂತ ಮೇಲೂ ಹೊತ್ತಿಕೊಳ್ಳಬಹುದು. ಈ ವಿಷಯದಲ್ಲಿ ಕೊಬ್ಬರಿ ಎಣ್ಣೆಗಿಂತ ಎಳ್ಳೆಣ್ಣೆ ಜಾಸ್ತಿ ಅಪಾಯ. ಆ ಬಟ್ಟೆಗಳನ್ನು ಸ್ಟ್ಯಾಂಡ್ ಮೇಲೆ ಬಿಡಿಬಿಡಿಯಾಗಿ ಹರವಿ.

ರಾತ್ರಿ ಡ್ರೈಯರ್ ಹಾಕಿ ಮಲಗುವ ರೂಢಿ ಇದ್ದರೆ ಬಿಡಿ. ಬಾಡಿಗೆ ಮನೆಯಾದರೆ ಮಗಳು ಇವತ್ತೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಲಿ.