ಫ್ಲಶ್ ಡ್ರಾ ಸಿಕ್ಕಾಗ ರೇಸ್ ಮಾಡಬೇಕೋ, ಕಾಲ್ ಮಾಡಬೇಕೋ?

ಕಡ್ಡಾಯ ಆರಂಭಿಕ ಪಣ ಒಂದು ಮತ್ತು ಮೂರು ಡಾಲರ್ ಇರುವ ಹೋಲ್ಡೆಮ್ (ಪೋಕರ್‌ನ ಒಂದು ಬಗೆ) ಮೇಜಿನಲ್ಲಿ ಫ್ಲಶ್ ಡ್ರಾ ಸಿಕ್ಕಾಗ, ಅಂದರೆ ಒಂದೇ ಜಾತಿಯ ನಾಲ್ಕು ಎಲೆ ಕೂಡಿ ಫ್ಲಶ್‌ಗೆ ಐದನೆಯದು ಬೇಕಿರುವಾಗ, ರೇಸ್ ಮಾಡಬೇಕೋ (ಪಣ ಏರಿಸಬೇಕೋ), ಕಾಲ್ ಮಾಡಬೇಕೋ (ಎದುರಿನವರ ಪಣಕ್ಕೆ ಸಮ ಕಟ್ಟಬೇಕೋ) ಎಂದು ಕೇಳಿದ್ದೀರಿ. ಸ್ಯಾನ್ ಹೋಸೆಯ ಕಾರ್ಡ್‌ರೂಮ್‌ಗಳಲ್ಲಿ ಹೊಸದಾಗಿ ಕೂತಾಗ ನನ್ನನ್ನು ಕಾಡಿದ್ದೂ ಇದೇ ಪ್ರಶ್ನೆ. ಆದರೆ ಹಣ ಸೋರುತ್ತಿದ್ದುದು ಬೇರೆ ಕಡೆಯಿಂದ.

ಕೈಯಲ್ಲಿ ಆಟೀನಿನ ಒಂಬತ್ತು, ಎಂಟು. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳಲ್ಲಿ) ಇನ್ನೆರಡು ಆಟೀನು. ಪಾಟ್ (ಮೇಜಿನ ನಡುವೆ ಸೇರಿದ ಹಣ) 30 ಡಾಲರ್ ಇದ್ದಾಗ ಎದುರಿನವರು 20 ಕಟ್ಟಿದರು. ಕಾಲ್ ಸರಿಹೋಗಲು ಶೇ. 29ರಷ್ಟು ಸಾಧ್ಯತೆ ಬೇಕು (ಕೂಡಿ ಆಗುವ 70ರಲ್ಲಿ ನನ್ನ 20); ಫ್ಲಶ್ ಆಗುವುದು ಶೇ. 35 ಎಂದು ಬಾಯಿಪಾಠ ಮಾಡಿದ್ದ ನಾನು ಯೋಚಿಸದೆ ಕಾಲ್ ಮಾಡಿದೆ. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಆಟೀನು ಬರಲಿಲ್ಲ, ಅವರು 60 ಕಟ್ಟಿದರು. ಈಗ ಬೇಕಾದದ್ದು ಶೇ. 32, ತಲೆಯಲ್ಲಿ ಅದೇ 35 ಕೂತಿದ್ದರಿಂದ ಮತ್ತೆ ಕಾಲ್ ಮಾಡಿದೆ. ರಿವರ್‌ನಲ್ಲೂ (ಐದನೇ, ಕೊನೆಯ ಎಲೆ) ಆಟೀನು ಬರಲಿಲ್ಲ.

ಆ 35 ಸುಳ್ಳಲ್ಲ, ಆದರೆ ಅದು ಟರ್ನ್ ಮತ್ತು ರಿವರ್ ಎರಡನ್ನೂ ಒಂದೇ ಬೆಲೆಗೆ ನೋಡುವವರ ಲೆಕ್ಕ, ಅಂದರೆ ಫ್ಲಾಪ್‌ನಲ್ಲೇ ಇದ್ದ ಚಿಪ್ಸೆಲ್ಲ ಕಟ್ಟಿ ಆಲ್-ಇನ್ ಆದವರದು. ಕಾಣದ 47 ಎಲೆಗಳಲ್ಲಿ ಆಟೀನು 9 ಇರುವುದರಿಂದ ಟರ್ನ್‌ಗೆ ಸಿಗುವುದು ಶೇ. 19, ಟರ್ನ್ ದಾಟಿದ ಮೇಲೆ ರಿವರ್‌ಗೆ ಹೆಚ್ಚುಕಡಿಮೆ ಶೇ. 20, ಅಷ್ಟೇ. ಕೊರತೆಯನ್ನು ಫ್ಲಶ್ ಆದ ಮೇಲೆ ಎದುರಿನವರಿಂದ ಬರುವ ಹಣ ತುಂಬಬೇಕು. ಫ್ಲಾಪ್‌ನಲ್ಲಿ ಅದಕ್ಕೆ ಸರಾಸರಿ 35 ಡಾಲರ್ ಸಾಕಿತ್ತು, ಅವರ ಮುಂದೆ 110 ಉಳಿದಿತ್ತು; ಹಾಗಾಗಿ ಮೊದಲ ಕಾಲ್ ತಪ್ಪು ಕಾರಣಕ್ಕೆ ಮಾಡಿದ ಸರಿಯಾದ ಕಾಲ್. ಟರ್ನ್‌ನಲ್ಲಿ 117 ಬೇಕಿತ್ತು, ಅವರ ಬಳಿ ಇದ್ದದ್ದು 50. ಎಲೆ ಬಂದಿದ್ದರೂ ದೀರ್ಘಾವಧಿಯಲ್ಲಿ ಅದು ನಷ್ಟದ ಕಾಲ್. ಒಂಬತ್ತರ ಫ್ಲಶ್ಶನ್ನು ದೊಡ್ಡ ಫ್ಲಶ್ ಹೊಡೆಯುವ ಅಪಾಯವನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ.

ರೇಸ್ ಮಾಡುವ ಬಗ್ಗೆ ನನಗೆ ಒಲವಿಲ್ಲ. ಡ್ರಾದ ರೇಸ್ ಲಾಭ ತರುವುದು ಎದುರಿನವರು ಎಲೆ ಮಡಚಿ ಆಟ ಬಿಟ್ಟಾಗ. ಈ ಮೇಜುಗಳಲ್ಲಿ ಟಾಪ್ ಪೇರ್ (ಮೇಜಿನ ಅತಿ ದೊಡ್ಡ ಎಲೆಗೆ ಜೋಡಿ) ಹಿಡಿದವರು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಫ್ಲಶ್ ಆದಾಗ ಹಣ ಕೊಡುವವರೂ ಅವರೇ. ಏಸ್ ಇರುವ ಡ್ರಾ, ಕೊನೆಯಲ್ಲಿ ಆಡುವ ಸ್ಥಾನ, ಎದುರಿನವರ ಮುಂದೆ ಎತ್ತರದ ಚಿಪ್ಸ್: ಈ ಮೂರೂ ಇದ್ದರೆ ಕಾಲ್ ಮಾಡಿ. ನಿಮ್ಮ ಪ್ರಶ್ನೆಯಲ್ಲಿ ಅವರ ಚಿಪ್ಸ್ ಎಷ್ಟಿತ್ತೆಂಬುದೇ ಇಲ್ಲ, ನಾನಾಗಿದ್ದರೆ ಮೊದಲು ನೋಡುತ್ತಿದ್ದುದು ಅದನ್ನೇ.